ಹಿತ್ತಲ ಮನೆಯ ಬಾಗಿಲು ಯಾವ ಕಡೆಗೆ?



ನಮ್ಮ ಊರುಗಳಲ್ಲಿ ಅಲ್ಲಲ್ಲಿ ಒಂದು ಹೊಸ ಬಗೆಯ ಕಟ್ಟಡ ಏಳುತ್ತಿರುವುದನ್ನು ನೀವು ಗಮನಿಸಿರಬಹುದು. ಹಿತ್ತಲಲ್ಲಿ, ಬಾವಿಯ ಪಕ್ಕದಲ್ಲೋ ನುಗ್ಗೆಮರದ ಬುಡದಲ್ಲೋ, ಹಿಂದೆ ಸೌದೆ ಒಟ್ಟುತ್ತಿದ್ದ ಜಾಗದಲ್ಲಿ ಒಂದು ಪುಟ್ಟ ಮನೆ. ಒಂದೇ ಕೋಣೆ, ಒಂದು ಬಚ್ಚಲು, ಮುಂದೆ ಮೆಟ್ಟಿಲುಗಳ ಬದಲು ಇಳಿಜಾರು. ಯಾರಿಗೆ ಎಂದು ವಿಚಾರಿಸಿದರೆ "ಅಪ್ಪನಿಗೆ" ಅಥವಾ "ನಮ್ಮತ್ತೆಗೆ" ಎಂಬ ಉತ್ತರ ಬರುತ್ತದೆ.

ಇದನ್ನು ನೋಡಿದ ನೆರೆಹೊರೆಯವರು ಎರಡು ಮಾತು ಆಡುತ್ತಾರೆ. "ಪುಣ್ಯವಂತ ಮಗ, ತಾಯಿಗೆ ಬೇರೆ ಮನೆಯನ್ನೇ ಕಟ್ಟಿಸಿಕೊಟ್ಟ" ಎಂಬುದು ಒಂದು. "ಹೆತ್ತವಳನ್ನು ಹಿತ್ತಲಿಗೆ ಹಾಕಿದ" ಎಂಬುದು ಇನ್ನೊಂದು. ಒಂದೇ ಗೋಡೆ, ಒಂದೇ ಸೂರು, ಒಂದೇ ಖರ್ಚು. ಆದರೂ ಅದು ಗೌರವವೂ ಆಗಬಹುದು, ಗಡೀಪಾರೂ ಆಗಬಹುದು. ಇವೆರಡನ್ನೂ ಬೇರ್ಪಡಿಸುವುದು ಯಾವುದು? ಈ ಪ್ರಶ್ನೆಯನ್ನು ನಿಮ್ಮ ಮುಂದಿಡಲು ನನಗೆ ಒಂದು ಕಾರಣವಿದೆ. ಅಂಥ ಮನೆಯೊಂದನ್ನು ನಾನೇ ಕಟ್ಟಿದೆ, ಮತ್ತು ತಪ್ಪಾಗಿ ಕಟ್ಟಿದೆ.

ನಾನು ಕಟ್ಟಿದ ಮನೆ

ನಮ್ಮ ಅವ್ವ 2015ರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಳು. ಆಗ ಅವಳಿಗೆ ಎಪ್ಪತ್ತಾರು. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಯಿತು. ಎದ್ದು ನಿಂತಳು, ಆದರೆ ಮೊದಲಿನಂತಲ್ಲ. ನಾಲ್ಕು ಕಾಲಿನ ವಾಕರ್ ಹಿಡಿದರೆ ಮಾತ್ರ ಹೆಜ್ಜೆ. ನಮ್ಮದು ಹಳೆಯ ಮನೆ. ಪಾಯ ಎರಡು ಅಡಿ ಎತ್ತರ, ಮುಂದೆ ನಾಲ್ಕು ಮೆಟ್ಟಿಲು, ಹಿಂದೆ ಮೂರು, ಪ್ರತಿ ಕೋಣೆಗೂ ಎಡವುವಂಥ ಹೊಸ್ತಿಲು. ಬಚ್ಚಲಿಗೆ ಹೋಗಬೇಕಾದರೆ ಇಬ್ಬರು ಹಿಡಿದುಕೊಳ್ಳಬೇಕಿತ್ತು.

ಅಣ್ಣ ನಗರದಲ್ಲಿ ಮೂರನೆಯ ಮಹಡಿಯಲ್ಲಿದ್ದ. ಅಲ್ಲಿ ಲಿಫ್ಟ್ ಇರಲಿಲ್ಲ. ತಂಗಿಯ ಮನೆಯಲ್ಲಿ ಅವಳ ಅತ್ತೆ ಹಾಸಿಗೆ ಹಿಡಿದಿದ್ದರು. ತಿಂಗಳಿಗೊಬ್ಬರಂತೆ ಸರದಿ ಇಟ್ಟುಕೊಳ್ಳೋಣ ಎಂಬ ಮಾತೂ ಬಂತು. ಆಗ ಅವ್ವ, "ನಾನೇನು ಊರೂರಿಗೆ ಹೋಗುವ ಮೂಟೆಯೇನಪ್ಪಾ?" ಎಂದಳು. ಕೊನೆಗೆ ಹಿತ್ತಲಲ್ಲಿ ಒಂದು ಕೋಣೆ ಕಟ್ಟುವುದೆಂದು ತೀರ್ಮಾನವಾಯಿತು. ಹನ್ನೆರಡು ಅಡಿಗೆ ಹದಿನಾಲ್ಕು ಅಡಿ. ಪಾಯ ಅರ್ಧ ಅಡಿ ಮಾತ್ರ. ಕಮೋಡ್, ಗೋಡೆಗೆ ಹಿಡಿಕೆ ಕಂಬಿ, ಜಾರದ ಟೈಲ್ಸ್. ನಾಲ್ಕು ತಿಂಗಳಲ್ಲಿ ಮುಗಿಯಿತು. ವಿಚಾರಣಾ ಗುರುಗಳು ಬಂದು ಪವಿತ್ರ ಜಲ ಚಿಮುಕಿಸಿ ಆಶೀರ್ವದಿಸಿದರು. ಊರವರು ಹೊಗಳಿದರು. ನಾಲ್ಕನೆಯ ಕಟ್ಟಳೆಯನ್ನು ಪೂರೈಸಿದೆನೆಂಬ ಸಮಾಧಾನದಲ್ಲಿ ನಾನು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಒಂದು ಸಂಗತಿಯನ್ನು ಮಾತ್ರ ಹೇಳದೆ ಬಿಟ್ಟೆ. ಬಾಗಿಲನ್ನು ಯಾವ ಕಡೆಗಿಡಬೇಕೆಂದು ಮೇಸ್ತ್ರಿ ಕೇಳಿದಾಗ, ನಮ್ಮ ಅಡುಗೆಮನೆಗೆ ಎದುರಾಗಿ ಇಡದೆ, ಹಿಂದಿನ ಕಾಂಪೌಂಡಿನ ಕಡೆಗೆ ಇಡಿಸಿದೆ. "ಆ ಕಡೆಯಿಂದ ಗಾಳಿ ಚೆನ್ನಾಗಿ ಬರುತ್ತದೆ" ಎಂದು ಕಾರಣ ಹೇಳಿದೆ. ಗಾಳಿ ಬರುತ್ತಿದ್ದುದು ನಿಜ. ಆದರೆ ನಿಜವಾದ ಕಾರಣ ಬೇರೆ ಇತ್ತು. ನಮ್ಮ ಮನೆಗೆ ಬಂದವರ ಕಣ್ಣಿಗೆ ಅವಳ ಒಣಗಿಸಿದ ಬಟ್ಟೆಗಳು, ಬೇಸಿನ್ನು, ಕಮೋಡ್ ಕುರ್ಚಿ ಬೀಳಬಾರದು ಎಂಬುದು ನನ್ನ ಮನಸ್ಸಿನಲ್ಲಿತ್ತು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ನನಗೆ ನಾನೇ ಹೇಳಿಕೊಳ್ಳಲೂ ಇಲ್ಲ.

ಗೌರವ ಎಂದರೆ ತೂಕ

ತಂದೆತಾಯಿಗಳನ್ನು ಗೌರವಿಸಬೇಕೆಂಬ ಕಟ್ಟಳೆಯನ್ನು ನಾವೆಲ್ಲ ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದವರು. ಆದ್ದರಿಂದಲೋ ಏನೋ, ಅದು ಮಕ್ಕಳಿಗೆ ಹೇಳಿದ ಬುದ್ಧಿಮಾತು, ಹೇಳಿದಂತೆ ಕೇಳು ಎಂಬುದೇ ಅದರ ಅರ್ಥ ಎಂದುಕೊಳ್ಳುತ್ತೇವೆ. ಸೀನಾಯಿ ಬೆಟ್ಟದ ಬುಡದಲ್ಲಿ ನಿಂತಿದ್ದವರು ಶಾಲೆಯ ಮಕ್ಕಳಲ್ಲ. ತಮ್ಮ ತಮ್ಮ ಗುಡಾರ, ದನಕರು, ಮಡದಿ ಮಕ್ಕಳಿದ್ದ ದೊಡ್ಡವರು. ಅವರ ಜೊತೆಯಲ್ಲಿ ನಡೆಯಲಾರದ ಮುದುಕರೂ ಇದ್ದರು. ಆ ಕಟ್ಟಳೆ ಮೊದಲು ಹೊಂದುವುದು ಕೂದಲು ನರೆಯುತ್ತಿರುವ ಮಕ್ಕಳಿಗೇ. 1992ರಲ್ಲಿ ಪ್ರಕಟವಾದ ನಮ್ಮ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಇದನ್ನೇ ನೆನಪಿಸುತ್ತದೆ. ಬೆಳೆದ ಮಕ್ಕಳು ವೃದ್ಧಾಪ್ಯದಲ್ಲೂ ಕಾಯಿಲೆಯಲ್ಲೂ ಒಂಟಿತನದಲ್ಲೂ ಹೆತ್ತವರಿಗೆ ಕೈಲಾದ ಮಟ್ಟಿಗೆ ಆಸರೆಯಾಗಬೇಕೆಂದು ಅದು ಬೋಧಿಸುತ್ತದೆ.

ಆ ಕಟ್ಟಳೆಯಲ್ಲಿರುವ ಹೀಬ್ರೂ ಕ್ರಿಯಾಪದದ ಮೂಲದಲ್ಲಿ "ಭಾರವಾಗಿರುವುದು" ಎಂಬ ಅರ್ಥವಿದೆ. ಗೌರವಿಸುವುದೆಂದರೆ ತೂಕ ಕೊಡುವುದು. ನಾವು ದಿನನಿತ್ಯ ಬಳಸುವ "ಗೌರವ" ಎಂಬ ಪದವೂ ಹಾಗೆಯೇ. ಅದು "ಗುರು" ಎಂಬುದರಿಂದ ಬಂದದ್ದು. ಗುರು ಎಂದರೆ ಭಾರವಾದದ್ದು. ಅಷ್ಟು ದೂರದ ಎರಡು ಭಾಷೆಗಳು ಒಂದೇ ಮಾತನ್ನು ಹೇಳುತ್ತಿವೆ.

ಈಗ ನಿಮ್ಮ ಮನೆಯ ಹಿರಿಯರು ಆಗಾಗ ಆಡುವ ಮಾತನ್ನು ನೆನಪಿಗೆ ತಂದುಕೊಳ್ಳಿ. "ನಾನು ನಿಮಗೆಲ್ಲ ಭಾರವಾಗಿಬಿಟ್ಟೆ." ಭಾರವೂ ತೂಕವೂ ಒಂದೇ ತಕ್ಕಡಿಯವು. ವ್ಯತ್ಯಾಸ ಇಷ್ಟೆ: ಹೊರಲು ಬೇಸರವಾದರೆ ಭಾರ ಅನ್ನುತ್ತೇವೆ, ಬೆಲೆ ತಿಳಿದಿದ್ದರೆ ತೂಕ ಅನ್ನುತ್ತೇವೆ. ಅವರ ಮಾತಿಗೆ ಮನೆಯಲ್ಲಿ ತೂಕವಿದ್ದರೆ ಅವರ ದೇಹ ನಮಗೆ ಅಷ್ಟೊಂದು ಭಾರವೆನಿಸುವುದಿಲ್ಲ. ಮಾತಿನ ತೂಕ ಹೋಯಿತೆಂದರೆ ಉಳಿಯುವುದು ಭಾರ ಮಾತ್ರ.

ಹಿರಿಯರನ್ನು ಕೈಬಿಡಲು ಧರ್ಮವನ್ನೇ ನೆಪವಾಗಿ ಹಿಡಿದವರನ್ನು ಯೇಸುಸ್ವಾಮಿ ಕಟುವಾಗಿ ಖಂಡಿಸಿದರು. ಸಂತ ಮಾರ್ಕನ ಶುಭಸಂದೇಶದ 7ನೇ ಅಧ್ಯಾಯವನ್ನು ಓದಿ ನೋಡಿ. ಹೆತ್ತವರಿಗೆ ಸಲ್ಲಬೇಕಾದುದನ್ನು "ಕೊರ್ಬಾನ್" ಎಂದು, ಅಂದರೆ ದೇವರಿಗೆ ಮೀಸಲು ಎಂದು ಘೋಷಿಸಿ ಕೈತೊಳೆದುಕೊಳ್ಳುವ ಪದ್ಧತಿ ಆಗ ಇತ್ತು. ನಮ್ಮ ಕೊರ್ಬಾನ್ ಬೇರೆ ರೂಪದ್ದಿರಬಹುದು. "ಎಲ್ಲ ಅನುಕೂಲ ಮಾಡಿಕೊಟ್ಟಿದ್ದೇನಲ್ಲ, ಇನ್ನೇನು ಬೇಕು?" ಎಂಬ ಮಾತು ಅದರದೇ ತಮ್ಮ.

ಮೊದಲ ಶುಕ್ರವಾರ

ಅವ್ವ ಹಿತ್ತಲ ಮನೆಗೆ ಹೋದ ಮೇಲೆ ದಿನಗಳು ಸಲೀಸಾಗಿಯೇ ಸಾಗಿದವು. ಬೆಳಿಗ್ಗೆ ಕಾಫಿ, ಎಂಟಕ್ಕೆ ತಿಂಡಿ, ಮಧ್ಯಾಹ್ನ ಮುದ್ದೆ ಸಾರು, ರಾತ್ರಿ ಗಂಜಿ, ಹೊತ್ತುಹೊತ್ತಿಗೆ ಮಾತ್ರೆ. ನನ್ನ ಹೆಂಡತಿ ಒಂದನ್ನೂ ತಪ್ಪಿಸಲಿಲ್ಲ. ಊಟ ಅವ್ವನಿಗೆ ತಲುಪುತ್ತಿತ್ತು. ಅವ್ವ ಮಾತ್ರ ನಮ್ಮನ್ನು ತಲುಪುತ್ತಿರಲಿಲ್ಲ. ಇಳಿಜಾರು ಮುಗಿದ ಕೂಡಲೇ ಬರೀ ಮಣ್ಣು. ಮಳೆ ಬಂದರೆ ವಾಕರಿನ ಕಾಲು ಹೂತುಹೋಗುತ್ತಿತ್ತು. ಕಷ್ಟಪಟ್ಟು ಬಂದರೂ ನಮ್ಮ ಮನೆಯ ಹಿಂಬಾಗಿಲಿಗೆ ಮೂರು ಮೆಟ್ಟಿಲು.

ಹಬ್ಬಕ್ಕೆ ನೆಂಟರು ಬಂದ ದಿನ ಒಬ್ಬೊಬ್ಬರೂ ಹೋಗಿ ಅವಳನ್ನು ಮಾತಾಡಿಸಿ ಬಂದರು. ಆಮೇಲೆ ಎಲ್ಲರೂ ಮುಂದಿನ ಮನೆಯಲ್ಲಿ ಊಟಕ್ಕೆ ಕುಳಿತೆವು. ಆ ಸಂಜೆ ನಾನು ತಟ್ಟೆ ತರಲು ಹೋದಾಗ ಅವ್ವ ಹೇಳಿದಳು: "ಮನೆ ಚೆನ್ನಾಗಿದೆ ಮಗ. ಇಲ್ಲಿಗೆ ಚರ್ಚಿನ ಗಂಟೆ ಕೇಳುತ್ತೆ, ನಿಮ್ಮ ನಗು ಕೇಳುತ್ತೆ. ಜನ ಕಾಣಲ್ಲ, ಅಷ್ಟೆ." ಅದನ್ನು ದೂರೆಂದು ನಾನು ಎಣಿಸಲಿಲ್ಲ. ವಯಸ್ಸಾದವರ ಮಾತು ಎಂದು ತಟ್ಟೆ ಎತ್ತಿಕೊಂಡು ಬಂದೆ.

ಆಮೇಲೆ ಒಂದು ಮೊದಲ ಶುಕ್ರವಾರ ಬಂತು. ನಮ್ಮ ಧರ್ಮಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಗುರುಗಳು ರೋಗಿಗಳಿಗೆ ಪರಮಪ್ರಸಾದ ತೆಗೆದುಕೊಂಡು ಮನೆಮನೆಗೆ ಬರುತ್ತಿದ್ದರು. ನಾನು ಉರಿಯುವ ಮೇಣದ ಬತ್ತಿ ಹಿಡಿದು ಮುಂಬಾಗಿಲಲ್ಲಿ ಎದುರುಗೊಂಡೆ. ಒಳಗೆ ಬಂದ ಗುರುಗಳು ಸುತ್ತ ನೋಡಿ, "ಅಮ್ಮ ಎಲ್ಲಿದ್ದಾರೆ?" ಎಂದು ಮೆಲ್ಲಗೆ ಕೇಳಿದರು. "ಹಿಂದೆ ಇದ್ದಾರೆ, ಫಾದರ್" ಎಂದೆ. ದಾರಿ ತೋರಿಸುತ್ತ ನಾನು ಮುಂದೆ ನಡೆದೆ.

ಆ ದಾರಿಯನ್ನು ಅಂದು ಮೊದಲ ಬಾರಿಗೆ ನೋಡಿದೆ. ದಿನಕ್ಕೆ ಹತ್ತು ಸಲ ಓಡಾಡಿದರೂ ನೋಡಿರಲಿಲ್ಲ. ಹಿಂಬಾಗಿಲಿನ ಮೂರು ಮೆಟ್ಟಿಲು ಇಳಿದು, ಬಚ್ಚಲ ನೀರು ಹರಿಯುವ ಕಾಲುವೆ ದಾಟಿ, ಹಂಡೆ ಒಲೆಯ ಬೂದಿಗುಡ್ಡೆಯ ಪಕ್ಕದಲ್ಲಿ ಹಾದು, ಕೋಣೆಯ ಹಿಂಗೋಡೆಯನ್ನು ಬಳಸಿಕೊಂಡು, ಕಾಂಪೌಂಡಿಗೂ ಗೋಡೆಗೂ ನಡುವಿನ ಕಿರಿದಾದ ಜಾಗದಲ್ಲಿ ಬಾಗಿಲಿಗೆ ಬರಬೇಕು. ಹಿಂದಿನ ರಾತ್ರಿ ಮಳೆಯಾಗಿತ್ತು. ಗುರುಗಳು ಒಂದು ಕೈಯಲ್ಲಿ ನಿಲುವಂಗಿ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಎದೆಗೆ ಒತ್ತಿಕೊಂಡು, ಕೆಸರಿನಲ್ಲಿ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಬಂದರು. ಅವರು ಏನೂ ಅನ್ನಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಪ್ರಭುವನ್ನು ಇಂಥ ದಾರಿಯಲ್ಲಿ ಕರೆದೊಯ್ಯುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು.

ಓದುಗರೇ, ನನ್ನ ನಾಚಿಕೆಯಲ್ಲಿದ್ದ ತಪ್ಪನ್ನು ನೀವು ಗುರುತಿಸಿರಬಹುದು. ಪರಮಪ್ರಸಾದದಲ್ಲಿರುವ ಪ್ರಭು ಒಂದು ದಿನ, ಒಂದು ಸಲ ಆ ದಾರಿಯಲ್ಲಿ ಹೋದದ್ದಕ್ಕೆ ನಾನು ನಾಚಿದೆ. ಅದೇ ದಾರಿಯನ್ನು ತಾಯಿಗೆ ಮಾಡಿಕೊಟ್ಟು ಏಳು ತಿಂಗಳಾಗಿತ್ತು. ಆಗ ನಾಚಿಕೆ ಬಂದಿರಲಿಲ್ಲ. ಅತ್ಯಲ್ಪರಲ್ಲಿ ಒಬ್ಬರಿಗೆ ಮಾಡಿದ್ದು ತಮಗೇ ಮಾಡಿದ್ದು ಎಂದು ಯೇಸುಸ್ವಾಮಿ ಅಂತಿಮ ತೀರ್ಪಿನ ಕುರಿತು ಬೋಧಿಸಿದ್ದನ್ನು ನಾನು ಎಷ್ಟು ಬಾರಿ ಕೇಳಿಲ್ಲ!

ಆ ಶನಿವಾರ ಪಾಪನಿವೇದನೆಗೆ ಹೋದೆ. ಅಲ್ಲಿ ಹೇಳಿದ ಮೇಲೆಯೇ ಇನ್ನೊಂದು ವಿಷಯವೂ ನನಗೆ ಹೊಳೆಯಿತು. ಮುಂದಿನ ಮನೆ ಕಟ್ಟಿದಾಗ ಅವ್ವ ಅಪ್ಪನ ಜೊತೆ ಮಣ್ಣು ಕಲಸಿದ್ದಳು, ತಲೆಯ ಮೇಲೆ ಕಲ್ಲು ಹೊತ್ತಿದ್ದಳು. ಅವಳದೇ ಮನೆಯಿಂದ ಅವಳನ್ನು ಹೊರಡಿಸಿ, ಅವಳದೇ ನೆಲದಲ್ಲಿ ಒಂದು ಕೋಣೆ ಕಟ್ಟಿ, "ಅವ್ವನಿಗೆ ಮನೆ ಕೊಟ್ಟೆ" ಎಂದು ನಾನು ಹೇಳಿಕೊಂಡು ತಿರುಗಿದ್ದೆ.

ಬಾಗಿಲು ತಿರುಗಿಸಿದ್ದು

ಮಳೆಗಾಲ ಮುಗಿದ ಮೇಲೆ ಅದೇ ಮೇಸ್ತ್ರಿಯನ್ನು ಕರೆಸಿದೆ. ಅಡುಗೆಮನೆಯ ಕಡೆಯ ಗೋಡೆ ಒಡೆದು ಬಾಗಿಲು ಇಟ್ಟೆವು. ಹಳೆಯ ಬಾಗಿಲಿನ ಜಾಗದಲ್ಲಿ ಕಿಟಕಿ ಬಂತು. ಗಾಳಿಗೆ ಏನೂ ಕೊರತೆಯಾಗಲಿಲ್ಲ. ಎರಡೂ ಮನೆಯ ನಡುವೆ ನಾಲ್ಕು ಅಡಿ ಅಗಲದ ಗಾರೆಯ ದಾರಿ, ಪಕ್ಕದಲ್ಲಿ ಕೈಹಿಡಿ ಕಂಬಿ, ಮೇಲೆ ಶೀಟು. ನಮ್ಮ ಹಿಂಬಾಗಿಲಿನ ಮೂರು ಮೆಟ್ಟಿಲಿಗೆ ಬದಲಾಗಿ ಉದ್ದನೆಯ ಇಳಿಜಾರು. ಇಷ್ಟಕ್ಕೆ ತಗಲಿದ್ದು ಮನೆಯ ಖರ್ಚಿನಲ್ಲಿ ಚಿಕ್ಕ ಪಾಲು.

ಮಾರನೆಯ ಸಂಜೆ ಅವ್ವ ವಾಕರ್ ತಳ್ಳಿಕೊಂಡು, ನಡುವೆ ಎರಡು ಸಲ ನಿಂತು, ಅಡುಗೆಮನೆಗೆ ಬಂದಳು. ಯಾರೂ ಕರೆದಿರಲಿಲ್ಲ. ಮಣೆಯ ಬದಲು ಕುರ್ಚಿಯಲ್ಲಿ ಕುಳಿತು, "ಕೊಡವ್ವ ಇಲ್ಲಿ" ಎಂದು ಸೊಸೆಯ ಮುಂದಿದ್ದ ಅವರೆಕಾಯಿಯನ್ನು ಮಡಿಲಿಗೆ ಹಾಕಿಕೊಂಡು ಬಿಡಿಸತೊಡಗಿದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದೂ ಹೇಳಿದಳು. ಅಂದು ಜಪಸರವನ್ನು ಅವಳೇ ನಡೆಸಿದಳು. 2019ರಲ್ಲಿ ಪ್ರಭು ಅವಳನ್ನು ಕರೆದುಕೊಳ್ಳುವವರೆಗೂ, ಕೊನೆಯ ಕೆಲವು ವಾರಗಳನ್ನು ಬಿಟ್ಟರೆ, ಆ ದಾರಿಯಲ್ಲಿ ಅವಳು ನಡೆಯದ ದಿನ ಕಡಿಮೆ.

ನನಗೆ ತಿಳಿದುದು ಇಷ್ಟು. ಹಿತ್ತಲ ಮನೆ ಗೌರವವೋ ಗಡೀಪಾರೋ ಎಂಬುದನ್ನು ಗೋಡೆ ನಿರ್ಧರಿಸುವುದಿಲ್ಲ, ದಾರಿ ನಿರ್ಧರಿಸುತ್ತದೆ. ನಾವು ಅವರ ಬಳಿಗೆ ಹೋಗಬಹುದೇ ಎಂದು ಕೇಳಿಕೊಂಡರೆ ಸಾಲದು. ಅವರು, ತಮಗೆ ಮನಸ್ಸಾದಾಗ, ಯಾರ ಅಪ್ಪಣೆಯೂ ಇಲ್ಲದೆ ನಮ್ಮ ಬಳಿಗೆ ಬರಬಹುದೇ? ಬಂದರೆ ಅವರಿಗೊಂದು ಕುರ್ಚಿ, ಒಂದು ಕೆಲಸ, ಒಂದು ಮಾತು ಕಾದಿರುತ್ತದೆಯೇ? ನಮ್ಮ ಅಜ್ಜಂದಿರ ಕಾಲದಲ್ಲಿ ಮನೆಯ ಹಿರಿಯರ ಸ್ಥಾನ ಜಗಲಿ. ಬಂದುಹೋಗುವ ಪ್ರತಿಯೊಬ್ಬರೂ ಅವರ ಕಣ್ಣ ಮುಂದೆಯೇ ಹಾಯಬೇಕಿತ್ತು. ಹಿತ್ತಲಲ್ಲಿ ಕಟ್ಟಿದರೂ ಸರಿ, ಅದಕ್ಕೊಂದು ಜಗಲಿಯ ಗುಣ ಇರಬೇಕು.

ಕಟ್ಟುವ ಮುಂಚೆ ಕೇಳಿ

ನೀವು ಇಂಥ ಮನೆ ಕಟ್ಟಲು ಯೋಚಿಸುತ್ತಿದ್ದರೆ ಮೊದಲ ಕೆಲಸ ಮೇಸ್ತ್ರಿಯನ್ನು ಕರೆಯುವುದಲ್ಲ, ಅಪ್ಪ ಅಮ್ಮನ ಪಕ್ಕದಲ್ಲಿ ಕುಳಿತು ಕೇಳುವುದು. ಸಮುವೇಲನ ಎರಡನೆಯ ಗ್ರಂಥದ 19ನೇ ಅಧ್ಯಾಯದಲ್ಲಿ ಬರ್ಜಿಲ್ಲೈ ಎಂಬ ಎಂಬತ್ತು ವರ್ಷದ ವೃದ್ಧನ ಪ್ರಸಂಗವಿದೆ. ಮಗ ಅಬ್ಷಾಲೋಮನೇ ದಂಗೆಯೆದ್ದು ದಾವೀದ ಅರಸ ಓಡಿಹೋಗಬೇಕಾಗಿ ಬಂದಾಗ ಅವನನ್ನು ಪೋಷಿಸಿದವನು ಈತ. ಮರಳಿ ರಾಜ್ಯ ಸಿಕ್ಕಿದಾಗ ದಾವೀದ, ಜೆರುಸಲೇಮಿಗೆ ಬಾ, ನಿನ್ನನ್ನು ನನ್ನ ಹತ್ತಿರ ಇಟ್ಟುಕೊಂಡು ಸಾಕುತ್ತೇನೆ ಎಂದು ಕರೆದ. ಮುದುಕ ಒಪ್ಪಲಿಲ್ಲ. ತನಗೆ ಊಟದ ರುಚಿ ತಿಳಿಯದು, ಹಾಡು ಕೇಳಿಸದು, ಅರಮನೆಗೆ ಹೊರೆಯಾಗುವುದೇಕೆ, ತನ್ನ ಊರಿನಲ್ಲಿ ತಂದೆತಾಯಿಯ ಸಮಾಧಿಯ ಬಳಿಯೇ ಸಾಯುತ್ತೇನೆ ಎಂದ. ದಾವೀದ ಬಲವಂತ ಮಾಡಲಿಲ್ಲ. ಅವನಿಗೆ ಮುತ್ತಿಟ್ಟು, ಆಶೀರ್ವದಿಸಿ ಕಳುಹಿಸಿದ. ತನ್ನ ಉಪಕಾರಕ್ಕಿಂತ ಮುದುಕನ ಇಚ್ಛೆ ದೊಡ್ಡದೆಂದು ಆ ಅರಸ ತಿಳಿದಿದ್ದ.

ಉತ್ತರ ನಿಮಗೆ ಇಷ್ಟವಾಗದಿರಬಹುದು. ಹಳೆಯ ಕತ್ತಲೆ ಕೋಣೆಯೇ ಸಾಕು ಎನ್ನಬಹುದು. ಆಗ ಅವರ ಕೋಣೆಯಲ್ಲೇ ಒಂದು ಹಿಡಿಕೆ ಕಂಬಿ ಹಾಕಿಸಿ, ಹೊಸ್ತಿಲು ತಗ್ಗಿಸಿ. ಹೊಸ ಮನೆಗಿಂತ ಅದೇ ದೊಡ್ಡ ಉಪಕಾರವಾದೀತು. ಅಥವಾ ಅವರೇ, "ನನಗೊಂದು ಬೇರೆ ಕೋಣೆ ಇದ್ದರೆ ನೆಮ್ಮದಿಯಾಗಿರುತ್ತಿತ್ತು" ಎಂದಾರು. ಮೊಮ್ಮಕ್ಕಳ ಟಿವಿ ಗಲಾಟೆಯಿಂದ ದೂರ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ದೀಪ ಹಚ್ಚಿ ಪ್ರಾರ್ಥಿಸುವ ಸ್ವಾತಂತ್ರ್ಯ ಅವರಿಗೂ ಬೇಡವೇ?

ಅರಸರ ಎರಡನೆಯ ಗ್ರಂಥದ 4ನೇ ಅಧ್ಯಾಯದಲ್ಲಿ ಶೂನೇಮ್ ಊರಿನ ಗೃಹಿಣಿಯೊಬ್ಬಳು ಪ್ರವಾದಿ ಎಲೀಷನಿಗಾಗಿ ಮಾಳಿಗೆಯ ಮೇಲೆ ಚಿಕ್ಕ ಕೋಣೆ ಕಟ್ಟಿಸಿದಳು. ಅದರಲ್ಲಿ ಅವಳು ಇಡಿಸಿದ್ದು ನಾಲ್ಕು ವಸ್ತು: ಮಂಚ, ಮೇಜು, ಕುರ್ಚಿ, ದೀಪ. ದಣಿವಿಗೆ ಮಂಚ ಒಂದೇ ಸಾಕಿತ್ತು. ಆದರೆ ಮೇಜು ಕುರ್ಚಿ ಇಟ್ಟದ್ದು, ಅವನು ಮಲಗಲು ಮಾತ್ರ ಬರುವವನಲ್ಲ ಎಂದು ತಿಳಿದು. ದೀಪ ಇಟ್ಟದ್ದು, ಯಾವಾಗ ಹಚ್ಚಬೇಕು ಯಾವಾಗ ಆರಿಸಬೇಕು ಎಂಬುದು ಅವನ ಕೈಯಲ್ಲಿರಲಿ ಎಂದು. ನಾವು ಹಿರಿಯರಿಗೆ ಕೋಣೆ ಕಟ್ಟುವಾಗ ಹೆಚ್ಚಾಗಿ ಮಂಚದ ಬಗ್ಗೆ ಮಾತ್ರ ಯೋಚಿಸುತ್ತೇವೆ.

ಕೆಲವು ಅಳತೆಗಳು

ಪ್ರೀತಿಗೂ ಅಳತೆ ಬೇಕು. ಒಂದು ಅಂಗುಲ ತಪ್ಪಿದರೆ ಬೀಳುವವರು ಅವರು. ಆದ್ದರಿಂದ ನಾನು ಕಲಿತುದನ್ನು ಇಲ್ಲಿ ಬರೆಯುತ್ತೇನೆ.

ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅರ್ಧ ಅಡಿ ಪಾಯಕ್ಕೆ ಆರು ಅಡಿ ಸಾಕು. ಎರಡು ಅಡಿ ಪಾಯಕ್ಕೆ ಇಪ್ಪತ್ತನಾಲ್ಕು ಅಡಿ ಬೇಕು. ಜಾಗ ಸಾಲದಿದ್ದರೆ ನಡುವೆ ಸಮತಟ್ಟು ಬಿಟ್ಟು ತಿರುಗಿಸಬಹುದು. ಕಡಿದಾಗಿ ಮಾಡಿದ ಇಳಿಜಾರು ಮೆಟ್ಟಿಲಿಗಿಂತ ಅಪಾಯ. ಬಾಗಿಲು ತೆರೆದಾಗ ಮೂರು ಅಡಿ ದಾರಿ ಸಿಗಬೇಕು. ಗಾಲಿಕುರ್ಚಿ ತಿರುಗಲು ಕೋಣೆಯಲ್ಲೂ ಬಚ್ಚಲಲ್ಲೂ ಐದು ಅಡಿ ಸುತ್ತಳತೆಯಷ್ಟಲ್ಲ, ಐದು ಅಡಿ ಅಡ್ಡಗಲದಷ್ಟು ಖಾಲಿ ನೆಲ ಬೇಕು. ಕಮೋಡ್ ನೆಲದಿಂದ ಹದಿನೆಂಟು ಅಂಗುಲ ಎತ್ತರವಿದ್ದರೆ ಏಳುವುದು ಸುಲಭ. ಹಿಡಿಕೆ ಕಂಬಿಯನ್ನು ಗಟ್ಟಿ ಗೋಡೆಗೆ ಬಿಗಿಸಿ. ಟವೆಲ್ ಹಾಕುವ ಕಡ್ಡಿ ಮನುಷ್ಯನ ಭಾರ ತಡೆಯದು.

ಬಚ್ಚಲ ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತಳ್ಳುವ ಬಾಗಿಲನ್ನು ತೆರೆಯಲಾಗುವುದಿಲ್ಲ. ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ನೆಲಕ್ಕೆ ಹೊಳೆಯುವ ಕಲ್ಲು ಬೇಡ. ಹೊಸ್ತಿಲಿಲ್ಲದ ಮನೆ ಮನೆಯೇ ಎಂದು ನಮ್ಮ ಮೇಸ್ತ್ರಿ ಆಕ್ಷೇಪಿಸಿದರು. ಹೊಸ್ತಿಲಿನ ಮೇಲಿನ ಭಕ್ತಿಗಿಂತ ಅವ್ವನ ಸೊಂಟ ದೊಡ್ಡದು ಎಂದೆ. ಮಂಚದಲ್ಲಿ ಮಲಗಿದಲ್ಲಿಂದಲೇ ದೀಪದ ಸ್ವಿಚ್ಚು ಎಟುಕಬೇಕು, ಮನೆಯವರನ್ನು ಕರೆಯುವ ಗಂಟೆಯ ಗುಂಡಿಯೂ ಎಟುಕಬೇಕು. ಕಿಟಕಿಯ ಕೆಳಅಂಚು ತಗ್ಗಾಗಿರಲಿ. ಕುಳಿತವರಿಗೆ ಆಕಾಶ ಮಾತ್ರವಲ್ಲದೆ ಅಂಗಳವೂ ಕಾಣಲಿ.

ಯಾರ ಕೈಗಳು?

ಇನ್ನೊಂದು ಮಾತನ್ನು ನನ್ನಂಥ ಗಂಡಸರಿಗೆ ಹೇಳಬೇಕು. ಮನೆ ಕಟ್ಟಿದವನು ನಾನು, ಹೊಗಳಿಕೆ ಬಂದದ್ದು ನನಗೆ. ಬೆಡ್‌ಶೀಟು ಒಗೆದವಳು, ರಾತ್ರಿ ಎರಡು ಗಂಟೆಗೆ ಎದ್ದು ಹೋದವಳು ನನ್ನ ಹೆಂಡತಿ. ದೇವರ ಕಟ್ಟಳೆ ಸೊಸೆಗೆ ಮಾತ್ರ ಕೊಟ್ಟದ್ದಲ್ಲ. ನೋವನು ಮೈಮೇಲೆ ಬಟ್ಟೆಯಿಲ್ಲದೆ ಬಿದ್ದಿದ್ದಾಗ ಹೊದಿಸಿದವರು ಅವನ ಗಂಡುಮಕ್ಕಳು, ಶೇಮ್ ಮತ್ತು ಯೆಫೆತ್. ತಂದೆಯ ಬೆತ್ತಲೆಯನ್ನು ನೋಡಬಾರದೆಂದು ಅವರು ಹಿಮ್ಮುಖವಾಗಿ ನಡೆದುಹೋಗಿ ಹೊದಿಸಿದರು. ಸೇವೆಯನ್ನೂ ಮಾಡಿದರು, ಮಾನವನ್ನೂ ಕಾಪಾಡಿದರು. ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಹಣ ಕಳುಹಿಸಿದರೆ ನಿಮ್ಮ ಪಾಲು ತೀರಿತೆಂದುಕೊಳ್ಳಬೇಡಿ. ವರ್ಷಕ್ಕೆ ಹದಿನೈದು ದಿನ ಬಂದು ನೀವೇ ನೋಡಿಕೊಳ್ಳಿ. ಆ ಹದಿನೈದು ದಿನ ಆ ಸೊಸೆ ತನ್ನ ತಾಯಿಯನ್ನು ನೋಡಿ ಬರಲಿ.

ಆಸ್ತಿಯ ಮಾತೂ ಇಲ್ಲಿ ಬರುತ್ತದೆ. ಹಿತ್ತಲ ಮನೆ ಕಟ್ಟಿಕೊಡುತ್ತೇವೆಂದು ಹೇಳಿ ಮುಂದಿನ ಮನೆಯ ಕಾಗದಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರಿದ್ದಾರೆ. 2007ರಲ್ಲಿ ನಮ್ಮ ದೇಶದಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಕ್ಕಾಗಿ ಕಾಯ್ದೆ ಬಂದಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದಾಗ ರದ್ದುಪಡಿಸುವ ಅವಕಾಶ ಅದರ 23ನೇ ಸೆಕ್ಷನ್ನಿನಲ್ಲಿದೆ. ಹಿರಿಯರಾದ ಓದುಗರು ಇದನ್ನು ತಿಳಿದಿರುವುದು ಒಳ್ಳೆಯದು; ಬರೆದುಕೊಡುವುದಾದರೆ ಆ ಷರತ್ತನ್ನು ಪತ್ರದಲ್ಲಿಯೇ ಬರೆಸಿರಿ. ಕಾನೂನು ಪೋಷಣೆಯ ಹಣವನ್ನು ಕೊಡಿಸಬಲ್ಲದು. ಸಂಜೆ ಬಂದು ಪಕ್ಕದಲ್ಲಿ ಕೂರುವ ಮಗನನ್ನು ಕೊಡಿಸಲಾರದು.

ಹಿತ್ತಲೇ ಇಲ್ಲದವರು

"ನಮಗೆ ಹಿತ್ತಲೂ ಇಲ್ಲ, ಹಣವೂ ಇಲ್ಲ" ಎನ್ನುವವರು ನಮ್ಮಲ್ಲಿ ಹೆಚ್ಚು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆರು ಜನ ಇರುವವರಿಗೆ ಈ ಲೇಖನ ಚುಚ್ಚುವುದು ಬೇಡ. ಫ್ರಾನ್ಸ್ ದೇಶದ ಸಂತ ಝಾನ್ ಜುಗಾನ್ ಅವರನ್ನು ನೆನೆಯಿರಿ. 1839ರ ಚಳಿಗಾಲದಲ್ಲಿ ಆಕೆ ಕಣ್ಣು ಕಾಣದ, ನಡೆಯಲಾರದ ಒಬ್ಬ ವೃದ್ಧೆಯನ್ನು ತನ್ನ ಬಾಡಿಗೆ ಮನೆಗೆ ಹೊತ್ತು ತಂದು, ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ತಾವು ಅಟ್ಟದಲ್ಲಿ ಮಲಗಿದರು. ಆ ಒಂದು ಹಾಸಿಗೆಯಿಂದ ಬಡವರ ಪುಟ್ಟ ಸೋದರಿಯರ ಸಭೆ ಹುಟ್ಟಿತು. ಬೆಂಗಳೂರಿನ ಹೊಸೂರು ರಸ್ತೆಯಲ್ಲೂ ಅವರ ವೃದ್ಧಾಶ್ರಮವಿದೆ. ಜಗದ್ಗುರು ಹದಿನಾರನೇ ಬೆನೆಡಿಕ್ಟರು 2009ರಲ್ಲಿ ಆಕೆಯನ್ನು ಸಂತರೆಂದು ಸಾರಿದರು. ಇಳಿಜಾರು ಕಟ್ಟುವ ಶಕ್ತಿ ಆಕೆಗಿರಲಿಲ್ಲ. ಆಕೆಯ ತೋಳುಗಳೇ ಇಳಿಜಾರಾದವು.

ಕೆಲವರ ಕಾಯಿಲೆ ಮನೆಯಲ್ಲಿ ನೋಡಿಕೊಳ್ಳಲಾಗದಂಥದು. ಜಗದ್ಗುರು ಎರಡನೇ ಜಾನ್ ಪಾಲರು ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, 1999ರ ಅಕ್ಟೋಬರ್ 1ರಂದು, ವೃದ್ಧರಿಗೆ ಬರೆದ ಪತ್ರದಲ್ಲಿ ಹಿರಿಯರು ಕುಟುಂಬದೊಳಗೇ ಇರುವುದು ಆದರ್ಶವೆಂದರು. ಆದರೂ ಪರಿಸ್ಥಿತಿಯ ಕಾರಣದಿಂದ ವೃದ್ಧಾಶ್ರಮ ಬೇಕಾಗಬಹುದೆಂಬುದನ್ನೂ ಒಪ್ಪಿದರು. ಅಲ್ಲಿಗೂ ನಮ್ಮ ಅಳತೆ ಅನ್ವಯಿಸುತ್ತದೆ: ದಾರಿ ತೆರೆದಿದೆಯೇ? ಭಾನುವಾರ ಹೋಗುತ್ತೇವೆಯೇ? ಹಬ್ಬಕ್ಕೆ ಮನೆಗೆ ಕರೆತರುತ್ತೇವೆಯೇ? ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನವಾಗಿ ಸ್ಥಾಪಿಸಿದರು. ಯೇಸುಸ್ವಾಮಿಯ ಅಜ್ಜ ಅಜ್ಜಿ ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬ ಜುಲೈ 26ರ ಆಸುಪಾಸಿನಲ್ಲೇ ಬರುವ ದಿನವದು. ಆ ದಿನಕ್ಕಾದರೂ ನಿಮ್ಮ ಮನೆಯ, ನಿಮ್ಮ ಧರ್ಮಕೇಂದ್ರದ ಮೆಟ್ಟಿಲುಗಳನ್ನು ಒಮ್ಮೆ ಎಣಿಸಿ ನೋಡಿರಿ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿದೆ. ಕೈಗೆಟುಕುವಷ್ಟು ಹತ್ತಿರ ಇರುವುದರ ಬೆಲೆ ನಮಗೆ ತಿಳಿಯದು ಎಂಬುದು ಅದರ ಅರ್ಥ. ಅವ್ವನ ಕೋಣೆ ಈಗ ಖಾಲಿಯಿದೆ. ಗಾರೆಯ ದಾರಿ ಹಾಗೆಯೇ ಇದೆ, ಕಂಬಿಯ ಮೇಲೆ ಅವಳ ಕೈ ಸವೆಸಿದ ಹೊಳಪಿದೆ. ನನಗೂ ಮಂಡಿನೋವು ಶುರುವಾಗಿದೆ. ಇನ್ನು ಕೆಲವು ವರ್ಷಗಳಲ್ಲಿ ಆ ಕಂಬಿಯನ್ನು ಹಿಡಿದು ನಡೆಯುವ ಸರದಿ ನನ್ನದು. ಆಗ ಬಾಗಿಲು ಅಡುಗೆಮನೆಯ ಕಡೆಗಿರುವುದಕ್ಕಾಗಿ ನಾನು ದೇವರಿಗೆ ಕೃತಜ್ಞನಾಗಿರುತ್ತೇನೆ.

ಮನೆಯವರೆಲ್ಲ ಕುಳಿತು ಆಲೋಚಿಸಲು: ನಮ್ಮ ಮನೆಯ ಹಿರಿಯರು ಯಾರ ಸಹಾಯವೂ ಇಲ್ಲದೆ ಎಲ್ಲಿಯವರೆಗೆ ನಡೆದು ಬರಬಲ್ಲರು? ಅಲ್ಲಿ ಅವರನ್ನು ತಡೆಯುವುದು ಯಾವುದು: ಮೆಟ್ಟಿಲೇ, ನಮ್ಮ ಮುಖವೇ? ಅವರ ಕುರಿತು ಮಾಡಿದ ಕೊನೆಯ ತೀರ್ಮಾನವನ್ನು ಅವರನ್ನು ಕೇಳಿ ಮಾಡಿದೆವೇ?

ಪ್ರಾರ್ಥನೆ: ಶಿಲುಬೆಯ ಮೇಲಿನಿಂದಲೂ ನಿಮ್ಮ ತಾಯಿಗೆ ಒಂದು ಮನೆಯನ್ನು ತೋರಿಸಿಕೊಟ್ಟ ಪ್ರಭುವೇ, ನಮ್ಮ ಹೆತ್ತವರು ನಮಗೆ ಭಾರವೆನಿಸಿದ ಹೊತ್ತಿನಲ್ಲಿ ಅವರ ತೂಕವನ್ನು ನಮಗೆ ತಿಳಿಸಿಕೊಡಿ. ನಾವು ಮುಚ್ಚಿದ ಬಾಗಿಲುಗಳನ್ನು ತೆರೆಯುವ ಧೈರ್ಯ ಕೊಡಿ. ನೀವು ನಮ್ಮ ಮನೆಗೆ ಬರುವ ದಾರಿಯೂ ನಮ್ಮ ಹಿರಿಯರು ನಡೆಯುವ ದಾರಿಯೂ ಒಂದೇ ಆಗಿರಲಿ. ಆಮೆನ್.